ಮನೆಯ ಜೇಡಗಳು ಮತ್ತು ಗೃಹಸ್ಥನ ಅಹಿಂಸೆ

ಮನೆಯ ಮೂಲೆಯಲ್ಲಿ ಜೇಡರ ಹುಳುವೊಂದು ಕಂಡಾಗ ಶ್ರಾವಕನಾದವನು ಏನು ಮಾಡಬೇಕು? ಈ ಪ್ರಶ್ನೆ ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಮಾಂಸಾಹಾರ, ಬಲಿ, ಬೇಟೆ ಮೊದಲಾದವುಗಳ ವಿಷಯದಲ್ಲಿ ನಮ್ಮ ಧರ್ಮದ ನಿಲುವು ಏನೆಂಬುದು ಮಕ್ಕಳಿಗೂ ತಿಳಿದಿದೆ. ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಅಂಗೈಯಗಲದ ಜೇಡವೊಂದು ಗೋಡೆಯ ಮೇಲೆ ಸರಸರನೆ ಓಡಿದಾಗ, ಅದೇ ಕೋಣೆಯ ತೊಟ್ಟಿಲಲ್ಲಿ ಕೂಸು ಮಲಗಿದ್ದಾಗ, "ವಿಷಜಂತು, ಹೊಡೆದುಬಿಡಿ" ಎಂಬ ಮಾತು ಜೈನರ ಮನೆಗಳಲ್ಲಿಯೂ ಕೇಳಿಬರುತ್ತದೆ. ಬೆಳಗ್ಗೆ ಬಸದಿಯಲ್ಲಿ ಮುಗಿದ ಕೈಯೇ ಆಗ ಪೊರಕೆಯನ್ನು ಎತ್ತುತ್ತದೆ. ಮನೆಯವರ ಪ್ರಾಣರಕ್ಷಣೆ ಗೃಹಸ್ಥನ ಕರ್ತವ್ಯವೇ ಸರಿ. ಆದರೆ ವಿಷವುಂಟೆಂಬ ಒಂದೇ ಕಾರಣಕ್ಕೆ ಒಂದು ಜೀವವನ್ನು ತೆಗೆಯುವ ಅಧಿಕಾರ ನಮಗಿದೆಯೇ? ಅದಕ್ಕೂ ಮೊದಲು, ಅದರ ವಿಷ ನಮಗೆ ಅಪಾಯಕಾರಿಯೆಂಬುದನ್ನು ನಾವು ತಿಳಿದುಕೊಂಡಿದ್ದೇವೆಯೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬಯಸುತ್ತೇನೆ.

ಜೇಡವನ್ನು ನಮ್ಮ ಪರಂಪರೆಯಲ್ಲಿ ಚೇಳು, ನೊಣ, ದುಂಬಿಗಳೊಡನೆ ನಾಲ್ಕು ಇಂದ್ರಿಯಗಳ ತ್ರಸಜೀವಿಯೆಂದು ಎಣಿಸುವುದು ವಾಡಿಕೆ. ಅಣುವ್ರತವನ್ನು ಸ್ವೀಕರಿಸಿದ ಗೃಹಸ್ಥನಿಗೆ ಸ್ಥಾವರ ಜೀವಿಗಳ ಹಿಂಸೆಯನ್ನು ಸಂಪೂರ್ಣವಾಗಿ ಬಿಡುವುದು ಸಾಧ್ಯವಿಲ್ಲ. ಒಲೆ, ನೀರು, ಬೇಸಾಯಗಳಲ್ಲಿ ಅದು ನಡೆದೇ ನಡೆಯುತ್ತದೆ. ಆದರೆ ತ್ರಸಜೀವಿಗಳನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದನ್ನು ಅವನು ಬಿಡಲೇಬೇಕು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಓದುಗರಿಗೆ ತಿಳಿದ ಸಂಗತಿ. ಕೊಲ್ಲಬೇಕೆಂಬ ಎಣಿಕೆಯಿಂದ ಕೊಲ್ಲುವುದು ಸಂಕಲ್ಪಿ. ಮನೆಗೆಲಸದಲ್ಲಿ ಆಗುವುದು ಆರಂಭಿ. ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದ ಶತ್ರುವಿನಿಂದ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ. ಮೊದಲನೆಯದು ಸರ್ವಥಾ ತ್ಯಾಜ್ಯ. ಉಳಿದ ಮೂರನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು, ಆದರೆ ಕಡಿಮೆ ಮಾಡಿಕೊಳ್ಳುತ್ತ ಹೋಗಬೇಕು.

ಜೇಡವನ್ನು ಹೊಡೆಯುವವರು ಸಾಮಾನ್ಯವಾಗಿ ತಮ್ಮ ಕಾರ್ಯವನ್ನು ವಿರೋಧಿ ಹಿಂಸೆಯ ಖಾತೆಗೆ ಬರೆದುಕೊಳ್ಳುತ್ತಾರೆ. "ಅದು ಕಚ್ಚಿದರೆ ಏನು ಗತಿ?" ಎಂಬುದು ಅವರ ಸಮರ್ಥನೆ. ಈ ಸಮರ್ಥನೆ ನಿಲ್ಲಬೇಕಾದರೆ ವಿರೋಧವು ಎದುರಿನಿಂದ ಬಂದಿರಬೇಕು, ಅಪಾಯವು ನಿಜವಾಗಿರಬೇಕು, ಬೇರೆ ದಾರಿ ಇಲ್ಲದಿರಬೇಕು. ಗೋಡೆಯ ಮೇಲೆ ತನ್ನ ಪಾಡಿಗೆ ಕುಳಿತ ಜೇಡ ನಮ್ಮನ್ನು ವಿರೋಧಿಸಿಲ್ಲ. ಅಪಾಯ ನಿಜವೋ ಕಲ್ಪಿತವೋ ಎಂಬುದು ಅದರ ಪರಿಚಯವಿದ್ದರೆ ಮಾತ್ರ ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಹೊಡೆದದ್ದು ಹೆಸರಿಗೆ ವಿರೋಧಿಯಾದರೂ ಪರಿಣಾಮದಲ್ಲಿ ಸಂಕಲ್ಪಿಯೇ ಆಗುತ್ತದೆ. ಆದ್ದರಿಂದ ಜೇಡಗಳನ್ನು ಗುರುತಿಸುವ ವಿದ್ಯೆಯು ಕೇವಲ ಪ್ರಾಣಿಶಾಸ್ತ್ರದ ಕುತೂಹಲವಲ್ಲ. ಶ್ರಾವಕನ ಪಾಲಿಗೆ ಅದು ವ್ರತಪಾಲನೆಯ ಒಂದು ಅಂಗ. ದಯೆಗೆ ಮೊದಲು ಜ್ಞಾನವಿರಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವುದರ ತಾತ್ಪರ್ಯವೂ ಇದೇ.

ಮೊದಲು ವಿಷದ ಮಾತು. ಜಗತ್ತಿನಲ್ಲಿ ವಿಜ್ಞಾನಿಗಳು ಹೆಸರಿಸಿರುವ ಜೇಡಗಳ ಸಂಖ್ಯೆ 2022ರಲ್ಲಿ 50,000ವನ್ನು ದಾಟಿತು. ಉಲೋಬೊರಿಡೇ ಎಂಬ ಒಂದು ಕುಟುಂಬದಂತಹ ಕೆಲವೇ ಅಪವಾದಗಳನ್ನು ಬಿಟ್ಟರೆ ಇವೆಲ್ಲಕ್ಕೂ ವಿಷಗ್ರಂಥಿಗಳಿವೆ. ಹಾಗಾಗಿ "ಇದು ವಿಷವುಳ್ಳ ಜೇಡವೇ?" ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ "ಹೌದು" ಎಂದೇ ಆಗುತ್ತದೆ; ಆದರೆ ಆ ಉತ್ತರದಿಂದ ನಮಗೇನೂ ತಿಳಿದಂತಾಗಲಿಲ್ಲ. ಆ ವಿಷವಿರುವುದು ನೊಣ, ಸೊಳ್ಳೆ, ಜಿರಳೆಗಳನ್ನು ನಿಶ್ಚಲಗೊಳಿಸುವುದಕ್ಕಾಗಿ. ಬಹುಪಾಲು ಜೇಡಗಳ ಕೋರೆಗಳು ಮನುಷ್ಯನ ಚರ್ಮವನ್ನು ಚುಚ್ಚಲಾರವು; ಚುಚ್ಚಿದರೂ ಆ ವಿಷ ನಮ್ಮ ದೇಹಕ್ಕೆ ಹೆಚ್ಚಿನ ಬಾಧೆ ಕೊಡದು. ಮನುಷ್ಯನಿಗೆ ಗಂಭೀರ ತೊಂದರೆ ಉಂಟುಮಾಡಬಲ್ಲ ಜೇಡಗಳು ಬೆರಳೆಣಿಕೆಯ ಕುಲಗಳಿಗೆ ಸೇರಿದವು.

ನಮ್ಮ ಮನೆಗಳಲ್ಲಿ ನಿತ್ಯ ಕಾಣುವವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನೂಲಿನಂತಹ ನೀಳ ಕಾಲುಗಳ, ಸಣ್ಣ ಬೂದು ಮೈಯ ಜೇಡ. ಮಾಡಿನ ಮೂಲೆಯಲ್ಲಿ, ಬೀರುವಿನ ಹಿಂದೆ, ಮೆಟ್ಟಿಲ ಕೆಳಗೆ ಅಸ್ತವ್ಯಸ್ತವಾದ ಬಲೆ ಕಟ್ಟಿ ತಲೆಕೆಳಗಾಗಿ ತೂಗುತ್ತಿರುತ್ತದೆ. ಬಲೆಯನ್ನು ಮುಟ್ಟಿದರೆ ಮೈಯನ್ನೆಲ್ಲ ಗಡಗಡನೆ ಅಲ್ಲಾಡಿಸುತ್ತದೆ. ನಾವು ಗುಡಿಸಿ ತೆಗೆಯುವ ಜೇಡರಬಲೆಗಳಲ್ಲಿ ಹೆಚ್ಚಿನವು ಇದರವೇ. ಎರಡನೆಯದು ಕಿಟಕಿಯ ಬಳಿ ಹಗಲಿನಲ್ಲಿ ಕುಪ್ಪಳಿಸುವ ಗಿಡ್ಡ ಜೇಡ. ಇದು ಬೇಟೆಗಾಗಿ ಬಲೆ ನೇಯುವುದಿಲ್ಲ. ಮುಂದುಗಡೆಯ ಎರಡು ದೊಡ್ಡ ಕಣ್ಣುಗಳಿಂದ ನಮ್ಮ ಕಡೆಗೆ ತಿರುಗಿ ನೋಡುವುದೇ ಇದರ ಗುರುತು. ಮೂರನೆಯದು ಎಲ್ಲರನ್ನೂ ಹೆದರಿಸುವ ದೊಡ್ಡ ಕಂದು ಜೇಡ. ಚಪ್ಪಟೆ ಮೈ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲುಗಳು, ಮುಖದ ಮೇಲೆ ಬಿಳಿಚಾದ ಪಟ್ಟಿ, ರಾತ್ರಿಯಲ್ಲಿ ವೇಗವಾದ ಓಟ. ಇದು ಜಿರಳೆಗಳನ್ನು ಹಿಡಿಯಲು ಬರುತ್ತದೆ. ಒತ್ತಿ ಹಿಡಿದರೆ ಕಚ್ಚೀತು, ಕಚ್ಚಿದ ಜಾಗ ಸ್ವಲ್ಪ ಹೊತ್ತು ನೋಯಬಹುದು; ಅದಕ್ಕಿಂತ ಹೆಚ್ಚಿನ ಅಪಾಯವಿಲ್ಲ. ನಾವು ಹೊಡೆಯುವ ಜೇಡಗಳೆಲ್ಲ ಬಹುತೇಕ ಈ ಮೂರು ಬಗೆಯವೇ ಎಂಬುದನ್ನು ಗಮನಿಸಬೇಕು.

ಇನ್ನು ಎಚ್ಚರದಿಂದ ಇರಬೇಕಾದವು. ಲ್ಯಾಟ್ರೊಡೆಕ್ಟಸ್ ಎಂಬ ಕುಲದ ಜೇಡಗಳ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ಮೈಯ ಸ್ನಾಯುಗಳಲ್ಲಿ ಹರಡುವ ನೋವು, ವಿಪರೀತ ಬೆವರು ಅದರ ಲಕ್ಷಣ. ಬಟಾಣಿಯಂತೆ ಗುಂಡಾದ ಹೊಟ್ಟೆ, ಹೊಳೆಯುವ ಕಪ್ಪು ಅಥವಾ ಕಂದು ಮೈ, ಹೊಟ್ಟೆಯ ಅಡಿಭಾಗದಲ್ಲಿ ಡಮರುವಿನಾಕಾರದ ಕೆಂಪು ಅಥವಾ ಕಿತ್ತಳೆ ಗುರುತು ಇದರ ಚಿಹ್ನೆ. ಈ ಕುಲದ ಜೇಡಗಳು ಭಾರತದಲ್ಲಿಯೂ ದಾಖಲಾಗಿವೆ. ಆದರೆ ಅವು ಹೆಚ್ಚಾಗಿ ಮನೆಯ ಹೊರಗೆ ಕಲ್ಲುರಾಶಿ, ಹಳೆಯ ಡಬ್ಬ, ಕುಂಡ ಮುಂತಾದವುಗಳ ಅಡಿಯಲ್ಲಿ ನೆಲಕ್ಕೆ ಸಮೀಪವಾಗಿ ಬಲೆ ಕಟ್ಟುತ್ತವೆ. ತಾವಾಗಿ ಮೇಲೆರಗುವ ಸ್ವಭಾವ ಅವುಗಳಿಗಿಲ್ಲ. ಮತ್ತೊಂದು, ಪಶ್ಚಿಮ ಘಟ್ಟದ ತೋಟಗಳ ಕಡೆಯ ರೋಮಭರಿತ ದೊಡ್ಡ ಜೇಡ. ಪೊಯೆಸಿಲೋಥೇರಿಯಾ ಎಂಬ ಈ ಕುಲದ ಒಂದು ಪ್ರಭೇದ ಮೈಸೂರಿನ ಹೆಸರಿನಿಂದಲೇ ಹೊರದೇಶಗಳಲ್ಲಿ ಪ್ರಸಿದ್ಧವಾಗಿದೆ. 1895ರಲ್ಲಿ ಪೊಕಾಕ್ ಎಂಬ ವಿದ್ವಾಂಸನು ಅದನ್ನು ವರ್ಣಿಸಿದನು. ಮುಂಗಾಲುಗಳ ಅಡಿಭಾಗದಲ್ಲಿ ಹಳದಿ ಕಪ್ಪು ಪಟ್ಟೆಗಳಿರುತ್ತವೆ. ಮರದ ಪೊಟರೆ ಇದರ ವಾಸಸ್ಥಾನ. ತೋಟಗಳ ನಡುವಿನ ಹಳೆಯ ಮನೆಗಳ ಸಂದುಗಳಿಗೂ ಬರುವುದುಂಟು. ಇದು ಕಚ್ಚಿದರೆ ತೀವ್ರವಾದ ಸ್ನಾಯುಸೆಳೆತ ದಿನಗಟ್ಟಲೆ ಇರಬಹುದು. ಆದ್ದರಿಂದ ಬರಿಗೈಯಿಂದ ಮುಟ್ಟಲೇಬಾರದು.

ಅಪಾಯಕಾರಿ ಜೇಡವಿದ್ದ ಮಾತ್ರಕ್ಕೆ ಅಪಾಯ ನಡೆದೇ ತೀರುತ್ತದೆಂಬುದು ಕೂಡ ನಿಜವಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಮನೆಯಲ್ಲಿ 2001ರಲ್ಲಿ ಆರು ತಿಂಗಳ ಅವಧಿಯಲ್ಲಿ 2,055 ಕಂದು ರೆಕ್ಲೂಸ್ ಜೇಡಗಳನ್ನು ಹಿಡಿಯಲಾಯಿತು. ಕಚ್ಚಿದರೆ ಚರ್ಮ ಕೊಳೆಯಬಹುದೆಂಬ ಅಪಕೀರ್ತಿ ಆ ಜೇಡದ್ದು. ಆ ಮನೆಯಲ್ಲಿ ಹಲವು ವರ್ಷಗಳಿಂದ ಒಂದು ಸಂಸಾರ ಬಾಳುತ್ತಿತ್ತು. ಅವರಲ್ಲಿ ಯಾರಿಗೂ ಜೇಡದ ವಿಷಬಾಧೆ ಆಗಿರಲಿಲ್ಲವೆಂದು 2002ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಒಂದು ಘಟನೆಯನ್ನು ನೆನೆಯಬಹುದು. 2012ರಲ್ಲಿ ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಸದಿಯಾದಲ್ಲಿ ಜೇಡಗಳ ಹಾವಳಿಯೆಂಬ ಸುದ್ದಿ ಹಬ್ಬಿ ಜನರು ಭಯಗ್ರಸ್ತರಾದರು. ಇಬ್ಬರು ಸತ್ತರೆಂದು ವರದಿಯಾಯಿತು. ಆದರೆ ಅವರ ಸಾವಿಗೆ ಜೇಡದ ವಿಷವೇ ಕಾರಣವೆಂಬುದು ಸಿದ್ಧವಾಗಲಿಲ್ಲ. ಕಚ್ಚಿಸಿಕೊಂಡವರು ನಾಟಿ ವೈದ್ಯರಲ್ಲಿಗೆ ಹೋಗಿ ಗಾಯವನ್ನು ಬ್ಲೇಡಿನಿಂದ ಕೊಯ್ಯಿಸಿಕೊಂಡಿದ್ದರೆಂಬ ಅಂಶ ಮಾತ್ರ ಬೆಳಕಿಗೆ ಬಂತು. ಅಜ್ಞಾನದಿಂದ ಹುಟ್ಟಿದ ಭಯವು ಜೇಡಕ್ಕೂ ಮನುಷ್ಯನಿಗೂ ಸಮಾನವಾಗಿ ಕೇಡು ತರುತ್ತದೆ.

ಮಳೆಗಾಲದಲ್ಲಿ ಬೆಳಗ್ಗೆ ಏಳುವಾಗ ಕತ್ತು, ತೋಳುಗಳ ಮೇಲೆ ಗೆರೆ ಎಳೆದಂತೆ ಉರಿಯುವ ಬೊಬ್ಬೆಗಳು ಕಂಡರೆ "ಜೇಡ ಮೂತ್ರ ಮಾಡಿದೆ" ಎನ್ನುವುದು ಹಲವೆಡೆ ರೂಢಿ. ಇಂತಹ ಎಷ್ಟೋ ಪ್ರಸಂಗಗಳಲ್ಲಿ ಜೇಡದ ಪಾತ್ರವೇ ಇರುವುದಿಲ್ಲ. ಪೀಡೆರಸ್ ಎಂಬ ಕಪ್ಪು ಕಿತ್ತಳೆ ಬಣ್ಣದ, ಇರುವೆಯಷ್ಟೇ ಸಣ್ಣ ಜೀರುಂಡೆಯೊಂದು ರಾತ್ರಿಯ ದೀಪಕ್ಕೆ ಆಕರ್ಷಿತವಾಗಿ ಒಳಗೆ ಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕುಳಿತಾಗ ನಾವು ಅದನ್ನು ಹೊಸಕಿದರೆ ಅದರ ದೇಹದ ರಸ ಚರ್ಮಕ್ಕೆ ತಗುಲಿ ಬೊಬ್ಬೆ ಏಳುತ್ತದೆ. ಮೆಲ್ಲನೆ ಊದಿ ಕಳುಹಿಸಿದವನಿಗೆ ಏನೂ ಆಗುವುದಿಲ್ಲ. ಕೊಂದವನಿಗೇ ಗಾಯ, ಅಪವಾದ ಮಾತ್ರ ಜೇಡಕ್ಕೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. "ಜೇಡವು ಸ್ವತಃ ಹಿಂಸಕ ಪ್ರಾಣಿ, ದಿನವೂ ಎಷ್ಟೋ ಕ್ರಿಮಿಕೀಟಗಳನ್ನು ತಿನ್ನುತ್ತದೆ. ಅದೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುವುದಿಲ್ಲವೇ?" ಈ ವಾದ ಹೊಸದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ನೇರವಾಗಿಯೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಒಂದು ಹಿಂಸ್ರ ಪ್ರಾಣಿಯ ವಧೆಯಿಂದ ಬಹು ಜೀವಗಳ ರಕ್ಷಣೆಯಾಗುತ್ತದೆಂದು ಭಾವಿಸಿ ಅದನ್ನು ಕೊಲ್ಲಬಾರದು. ಅದು ಬದುಕಿದ್ದರೆ ಇನ್ನೂ ಪಾಪ ಕಟ್ಟಿಕೊಂಡೀತೆಂಬ ಕರುಣೆಯ ಹೆಸರಿನಲ್ಲಿಯೂ ಕೊಲ್ಲಬಾರದು ಎಂಬುದು ಅವರ ಅಭಿಪ್ರಾಯ. ಜೀವಗಳ ಕರ್ಮದ ಲೆಕ್ಕವನ್ನು ಬರೆಯುವ ಗುಮಾಸ್ತಿಕೆಯನ್ನು ನಮಗೆ ಯಾರೂ ವಹಿಸಿಲ್ಲ. ಇದರ ಎದುರುಪಕ್ಷದ ವಾದವೂ ಅಷ್ಟೇ ದುರ್ಬಲ. "ಜೇಡ ಸೊಳ್ಳೆ ತಿನ್ನುತ್ತದೆ, ಉಪಕಾರಿ, ಆದ್ದರಿಂದ ಇರಲಿ" ಎನ್ನುವವರು ದಯೆಯನ್ನು ವ್ಯಾಪಾರ ಮಾಡುತ್ತಿದ್ದಾರೆ. ಲಾಭವಿರುವವರೆಗೆ ಉಳಿಸುವುದು, ಲಾಭ ತಪ್ಪಿದಾಗ ಅಳಿಸುವುದು ಅಂಗಡಿಯ ಸರಕಿಗೆ ಸಲ್ಲುವ ನೀತಿ. ಜೇಡಕ್ಕೂ ಬದುಕುವ ಬಯಕೆಯುಂಟು, ನೋವಿನ ಅನುಭವವುಂಟು; ಅದನ್ನು ಕೊಲ್ಲದಿರುವುದಕ್ಕೆ ಇಷ್ಟು ಸಾಕು.

ಈಗಿನ ಕಾಲದಲ್ಲಿ ಪೊರಕೆಯ ಹೊಡೆತಕ್ಕಿಂತ ದೊಡ್ಡ ಹಿಂಸೆ ಔಷಧಿ ಸಿಂಪಡಣೆಯದು. ವರ್ಷಕ್ಕೆ ಇಷ್ಟೆಂದು ಹಣ ಕೊಟ್ಟು ಮನೆಗೂ ಗೋದಾಮಿಗೂ ಕೀಟನಾಶಕ ಹೊಡೆಸುವ ಕರಾರು ಮಾಡಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ತಮ್ಮ ಕೈಯಿಂದ ಒಂದು ಇರುವೆಯನ್ನೂ ಕೊಲ್ಲದವರು, ಪರರ ಕೈಯಿಂದ ನಡೆದದ್ದು ತಮಗೆ ತಗುಲದೆಂದು ಭಾವಿಸುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಬಗೆಗಳಲ್ಲಿ ಆಸ್ರವವಿದೆಯೆಂದು ನಿತ್ಯ ಪಠಿಸುವ ನಾವು ಈ ಕರಾರಿನ ಕಾಗದಕ್ಕೆ ಸಹಿ ಹಾಕುವಾಗ ಅದನ್ನು ಮರೆಯುತ್ತೇವೆ. ಇದನ್ನು ಮನೆಗೆಲಸದ ಆರಂಭಿ ಹಿಂಸೆಯೆನ್ನಲೂ ಬರುವುದಿಲ್ಲ. ಅನ್ನ ಬೇಯಿಸುವಾಗ ಕೊಲ್ಲುವ ಉದ್ದೇಶವಿಲ್ಲ, ಸಿಂಪಡಣೆಗೆ ಅದರ ಹೊರತು ಬೇರೆ ಉದ್ದೇಶವೇ ಇಲ್ಲ. ಆ ದ್ರವವು ಅಪಾಯಕಾರಿ ಜೇಡವನ್ನೂ ನಿರಪಾಯ ಜೇಡವನ್ನೂ ಬೇರ್ಪಡಿಸಿ ನೋಡುವುದಿಲ್ಲ. ಇರುವೆ, ಪತಂಗ, ಜೀರುಂಡೆಗಳೂ ಅದರೊಡನೆ ಸಾಯುತ್ತವೆ. ಸಿಂಪಡಣೆಗೆ ತೆತ್ತ ಹಣವನ್ನು ಖರ್ಚಿಗೆ ಬರೆದು ಸತ್ತ ಜೀವಗಳನ್ನು ಬರೆಯದೆ ಬಿಟ್ಟರೆ ಅಂತಹ ಲೆಕ್ಕ ತಾಳೆಯಾಗುವುದಾದರೂ ಹೇಗೆ?

ಹಾಗಾದರೆ ಗೃಹಸ್ಥನು ಮನೆಯನ್ನು ಜೇಡಗಳಿಗೆ ಬಿಟ್ಟುಕೊಡಬೇಕೇ? ಖಂಡಿತ ಬೇಡ. ಒಳಗೆ ಬಂದ ಮೇಲೆ ಕೊಲ್ಲುವ ಪ್ರಸಂಗವೇ ಬಾರದಂತೆ ಮೊದಲೇ ತಡೆಯುವುದು ಯತ್ನಾಚಾರ. ಬಾಗಿಲಿನ ಅಡಿಯ ಸಂದಿಗೆ ಪಟ್ಟಿ ಬಡಿಸುವುದು, ಕಿಟಕಿ ಮತ್ತು ಗಾಳಿಗಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸುವುದು, ಕೊಳವೆಗಳು ಗೋಡೆಯನ್ನು ದಾಟುವಲ್ಲಿನ ತೂತುಗಳನ್ನು ಮುಚ್ಚುವುದು, ಸೌದೆ, ಇಟ್ಟಿಗೆ, ಗೋಣಿಚೀಲಗಳ ರಾಶಿಯನ್ನು ಗೋಡೆಯಿಂದ ದೂರವಿಡುವುದು, ಗೋಡೆಗೆ ತಾಗಿದ ಗಿಡಬಳ್ಳಿಗಳನ್ನು ಸರಿಸುವುದು ಇವೆಲ್ಲ ಸುಲಭ ಸಾಧ್ಯ. ಜೇಡ ಬರುವುದು ಆಹಾರವಿದ್ದಲ್ಲಿಗೆ. ಕೀಟಗಳು ಬರುವುದು ಬೆಳಕು ಮತ್ತು ಎಂಜಲು ಇದ್ದಲ್ಲಿಗೆ. ಹೊರಬಾಗಿಲಲ್ಲಿ ಪ್ರಖರವಾದ ಬಿಳಿ ದೀಪದ ಬದಲು ಮಂದವಾದ ಹಳದಿ ದೀಪವಿಟ್ಟರೆ ಕೀಟಗಳು ಕಡಿಮೆಯಾಗುತ್ತವೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ ಅಡುಗೆಮನೆಯನ್ನು ಶುಚಿಗೊಳಿಸಿ ದೀಪ ಆರಿಸುವ ನಮ್ಮ ಹಿರಿಯರ ಮನೆಗಳಲ್ಲಿ ಕೀಟಗಳಿಗೆ ಕರೆಯೇ ಇರುತ್ತಿರಲಿಲ್ಲ. ರಾತ್ರಿಭೋಜನ ತ್ಯಾಗದ ಈ ಫಲವನ್ನು ಇಂದಿನವರು ಗಮನಿಸಬೇಕು.

ತಡೆಯುವುದರಲ್ಲಿಯೂ ಎಚ್ಚರ ಬೇಕು. ಬಿರುಕಿಗೆ ಸಿಮೆಂಟು ಮೆತ್ತುವ ಮೊದಲು ಅದರೊಳಗೆ ಜೀವವಿದೆಯೇ ಎಂದು ದೀಪ ಹಿಡಿದು ನೋಡಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಅನ್ನಪಾನನಿರೋಧವೂ ಸೇರಿವೆ. ಸಾಕುಪ್ರಾಣಿಗಳನ್ನು ಕುರಿತು ಅವುಗಳನ್ನು ವಿವರಿಸುವುದು ವಾಡಿಕೆಯಾದರೂ, ಜೀವಂತ ಜೇಡವನ್ನು ಗೋಡೆಯಲ್ಲಿ ಹೂಳುವುದು ಆ ಎರಡನ್ನೂ ಒಮ್ಮೆಗೇ ಮಾಡಿದಂತೆ. ಬಲೆ ತೆಗೆಯುವಾಗಲೂ ಹಾಗೆಯೇ. ನೀಳಕಾಲಿನ ಜೇಡದ ಹೆಣ್ಣು ತನ್ನ ಮೊಟ್ಟೆಗಳ ಗೊಂಚಲನ್ನು ಬಾಯಲ್ಲಿ ಕಚ್ಚಿ ಹಿಡಿದಿರುತ್ತದೆ. ದೊಡ್ಡ ಕಂದು ಜೇಡ ಬಿಲ್ಲೆಯಾಕಾರದ ಮೊಟ್ಟೆಚೀಲವನ್ನು ಮೈಯಡಿಯಲ್ಲಿ ಹೊತ್ತಿರುತ್ತದೆ. ಅಂತಹದನ್ನು ಕಂಡರೆ ಹೊಡೆತ ಒಂದಾದರೂ ಸಾಯುವ ಜೀವ ಒಂದಲ್ಲ ಎಂಬುದನ್ನು ನೆನೆಯಬೇಕು. ಮೂಲೆಗಳನ್ನು ಮೇಲಿಂದ ಮೇಲೆ ಮೃದುವಾದ ಕುಂಚದಿಂದ ಸವರುತ್ತಿದ್ದರೆ ಜೇಡವು ಅಲ್ಲಿ ನೆಲೆಯೂರುವ ಮೊದಲೇ ಬೇರೆಡೆಗೆ ಹೋಗುತ್ತದೆ. ಮುನಿಗಳು ಕುಳಿತುಕೊಳ್ಳುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಸವರುವುದನ್ನು ನಾವೆಲ್ಲ ಕಂಡಿದ್ದೇವೆ. ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬ ಆ ಸಮಿತಿಯ ಸಣ್ಣ ಅಂಶವಾದರೂ ನಮ್ಮ ಮನೆಗೆಲಸಕ್ಕೆ ಬರಬೇಕು. ಪಾದರಕ್ಷೆಯನ್ನು ಕೊಡವಿ ತೊಡುವುದು, ಬಹುದಿನ ಮಡಿಸಿಟ್ಟ ಬಟ್ಟೆಯನ್ನು ಬಿಡಿಸಿ ನೋಡುವುದು ಜೇಡದ ಪ್ರಾಣವನ್ನೂ ನಮ್ಮ ಬೆರಳನ್ನೂ ಕಾಯುತ್ತದೆ.

ಒಳಗೆ ಬಂದದ್ದನ್ನು ಹೊರಗೆ ಬಿಡಲು ಅಗಲ ಬಾಯಿಯ ಪಾರದರ್ಶಕ ಡಬ್ಬಿ, ಒಂದು ದಪ್ಪ ರಟ್ಟು ಸಾಕು. ಡಬ್ಬಿಯನ್ನು ಜೇಡದ ಮೇಲೆ ಮೆಲ್ಲನೆ ಕವುಚಿ, ಕಾಲುಗಳು ಸಿಕ್ಕಿಕೊಳ್ಳದಂತೆ ರಟ್ಟನ್ನು ಗೋಡೆಯಗುಂಟ ಜಾರಿಸಿ, ಒಯ್ದು ತಡಮಾಡದೆ ಬಿಡಬೇಕು. ಮನೆಯೊಳಗೇ ಬಾಳುವ ನೀಳಕಾಲಿನ ಜೇಡವನ್ನು ಬಿಸಿಲಿಗೆ ಬಿಡದೆ ಕೊಟ್ಟಿಗೆ, ಷೆಡ್ಡು ಮೊದಲಾದ ನೆರಳಿನ ಎಡೆಗೆ ಬಿಡುವುದು ಮೇಲು. ಅಪಾಯಕಾರಿಯೆಂದು ತೋರಿದರೆ ಉದ್ದ ಹಿಡಿಯ ಸಾಧನವನ್ನೂ ದಪ್ಪ ಕೈಗವಸನ್ನೂ ಬಳಸಿ, ಮಕ್ಕಳನ್ನು ದೂರವಿರಿಸಿ, ಜನವಸತಿಯಿಂದ ಆಚೆಗೆ ಬಿಡಬೇಕು. ಒಂದು ವೇಳೆ ಕಚ್ಚಿದರೆ ಜಾಗವನ್ನು ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಡಬೇಕು. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಕೂಡದು. ನೋವು ಹರಡಿದರೆ, ಬೆವರು, ಸೆಳೆತ, ಉಸಿರಾಟದ ತೊಂದರೆ ಕಂಡರೆ, ಅಥವಾ ಕಚ್ಚಿಸಿಕೊಂಡವರು ಮಕ್ಕಳೋ ವೃದ್ಧರೋ ಆದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರಿಗೆ ತೋರಿಸಲು ಜೇಡದ ಹೆಣ ಬೇಕಿಲ್ಲ. ಅದರ ಚಿತ್ರ ತೆಗೆದುಕೊಂಡು ಹೋದರೆ ಸಾಕು.

ಕೊನೆಗೆ ಕಠಿಣವಾದ ಪ್ರಶ್ನೆ ಉಳಿಯುತ್ತದೆ. ನಿಜವಾಗಿಯೂ ಅಪಾಯಕಾರಿಯಾದ ಜೇಡ ಕೂಸಿನ ಮೈಮೇಲೆಯೇ ಇದೆ. ಡಬ್ಬಿ ತರುವಷ್ಟು ಸಮಯವಿಲ್ಲ. ಆಗ? ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ ನೆಲೆಗೊಂಡ ಬಾಹುಬಲಿಯ ಕಾಲಬಳಿ ಹುತ್ತಗಳೂ ಹಾವುಗಳೂ ಇವೆ; ತೋಳನ್ನು ಬಳ್ಳಿ ಹಬ್ಬಿದೆ. ದೇಹಮಮತೆಯನ್ನು ತೊರೆದ ಮುನಿಯ ಸ್ಥಿತಿ ಅದು. ಪರರ ಕೂಸಿನ ದೇಹವನ್ನು ಪಣವಿಟ್ಟು ಆ ಸ್ಥಿತಿಯನ್ನು ನಟಿಸಲು ಗೃಹಸ್ಥನಿಗೆ ಅಧಿಕಾರವಿಲ್ಲ. ಅವನು ಮೊದಲು ಅದನ್ನು ಕೊಡವಿ ದೂರ ಮಾಡಲಿ. ಹಾಗೆ ಮಾಡುವಲ್ಲಿ ಜೇಡ ಸತ್ತರೆ ಅದು ವಿರೋಧಿ ಹಿಂಸೆ. ಆದರೆ ವಿರೋಧಿ ಹಿಂಸೆಯೂ ಹಿಂಸೆಯೇ. ಅದನ್ನು ಧರ್ಮಕಾರ್ಯವೆಂದು ಕರೆಯದೆ, ಸಂಜೆಯ ಪ್ರತಿಕ್ರಮಣದಲ್ಲಿ ಆ ಜೀವದ ಕ್ಷಮೆ ಬೇಡಬೇಕು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸಿದೆ. ಎದುರಿನ ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದವನಿಗೆ ಹಿಂಸೆ ತಪ್ಪದೆಂಬುದು ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ಅಭಿಪ್ರಾಯ. ಇದನ್ನು ಬಲ್ಲವನು ಆ ಅಪರೂಪದ ಪ್ರಸಂಗವನ್ನು ನೆಪಮಾಡಿಕೊಂಡು ದಿನನಿತ್ಯದ ಕೊಲೆಗಳನ್ನು ಸಮರ್ಥಿಸುವುದಿಲ್ಲ. ಅಂತಹ ಕಠಿಣ ಗಳಿಗೆ ಒಬ್ಬನ ಜೀವಮಾನದಲ್ಲಿ ಒಮ್ಮೆಯೂ ಬಾರದಿರಬಹುದು. ಕಂದು ಜೇಡವಂತೂ ಈ ರಾತ್ರಿಯೇ ಬಂದೀತು.

ಆಷಾಢದಲ್ಲಿ ಚಾತುರ್ಮಾಸ ತೊಡಗುತ್ತದೆ. ಮಳೆಯೊಡನೆ ಜೀವರಾಶಿ ಹೆಚ್ಚುವ ಕಾಲವೆಂದೇ ಮುನಿಗಳು ಆಗ ವಿಹಾರವನ್ನು ನಿಲ್ಲಿಸುತ್ತಾರೆ. ಗೃಹಸ್ಥರು ಅದಕ್ಕೆ ಮೊದಲೇ ಸಂದುಗಳನ್ನು ಪರೀಕ್ಷಿಸಿ ಮುಚ್ಚಿಸಲಿ, ಜಾಲರಿಗಳನ್ನು ಸರಿಪಡಿಸಲಿ, ಬಾಗಿಲ ಹಿಂದೆ ಒಂದು ಡಬ್ಬಿಯನ್ನೂ ರಟ್ಟನ್ನೂ ಇಟ್ಟುಕೊಳ್ಳಲಿ. ಮನೆಯ ಮಕ್ಕಳಿಗೆ ಜೇಡವೆಂದರೆ ಕಿರುಚುವುದನ್ನು ಕಲಿಸುವ ಬದಲು ಈ ಮೂರು ಬಗೆಯ ನಿರಪಾಯ ಜೇಡಗಳನ್ನೂ ಆ ಕೆಂಪು ಗುರುತಿನ ಜೇಡವನ್ನೂ ಬೇರ್ಪಡಿಸಿ ಗುರುತಿಸುವುದನ್ನು ಕಲಿಸಿದರೆ, ಅವರ ಪ್ರಾಣಕ್ಕೂ ವ್ರತಕ್ಕೂ ಅದರಿಂದ ರಕ್ಷೆಯಾದೀತು.